ಕೋಡಿ ಇಲ್ಲದ ಕೆರೆ



ಲಡಾಖಿನ ಪಾಂಗಾಂಗ್ ಸರೋವರದ ದಡಕ್ಕೆ ಹೋದವರು ಸಾಮಾನ್ಯವಾಗಿ ಎರಡು ಮಾತು ಆಡುತ್ತಾರೆ. ಒಂದು, ನೀರಿನ ನೀಲಿಯ ಬಗ್ಗೆ. ಇನ್ನೊಂದು, ‘ಆ ಸಿನಿಮಾ ತೆಗೆದದ್ದು ಇಲ್ಲೇ ಅಲ್ಲವೆ’ ಅಂತ. 2009ರಲ್ಲಿ ‘ತ್ರೀ ಈಡಿಯಟ್ಸ್’ ಬಂದಮೇಲಂತೂ ಎರಡನೆಯ ಮಾತೇ ಜಾಸ್ತಿ. ನಾವು ತುಮಕೂರಿನಿಂದ ಗುಂಪು ಕಟ್ಟಿಕೊಂಡು ಹೋಗಿದ್ದಾಗ ಜೊತೆಯಲ್ಲಿ ಕುಣಿಗಲ್ ಕಡೆಯ ಹಿರಿಯ ರೈತರೊಬ್ಬರಿದ್ದರು. ಅವರ ಮನೆತನದವರು ಹಿಂದೆ ಊರ ಕೆರೆಗೆ ನೀರುಗಂಟಿಗಳು. ಸರದಿ ನೋಡಿ ಗದ್ದೆಗದ್ದೆಗೆ ನೀರು ಬಿಡುವ ಕೆಲಸ. ಅವರು ಈ ಎರಡು ಮಾತೂ ಆಡಲಿಲ್ಲ. ಕೈಯನ್ನು ಹಣೆಗೆ ಅಡ್ಡ ಹಿಡಿದು ಆ ತುದಿಯಿಂದ ಈ ತುದಿಯವರೆಗೂ ನೋಡಿದರು. ಆಮೇಲೆ, “ಮೇಷ್ಟ್ರೇ, ಇದರ ಕೋಡಿ ಎಲ್ಲೈತೆ?” ಅಂದರು.

“ಇದಕ್ಕೆ ಕೋಡಿ ಇಲ್ಲ ಗೌಡ್ರೇ” ಅಂದೆ.

“ಕೋಡಿ ಇಲ್ದಿದ್ ಮೇಲೆ ಬಂದ ನೀರು ಎಲ್ಲಿಗ್ ಹೋಯ್ತದೆ?”

ಭೂಗೋಳ ಪಾಠ ಹೇಳಿ ನಿವೃತ್ತನಾದವನು ನಾನು. ಈ ಸರೋವರದ ಬಗ್ಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆಯನ್ನು ಯಾವ ಪುಸ್ತಕದಲ್ಲೂ ನಾನು ಓದಿಲ್ಲ. ಪಾಂಗಾಂಗಿನ ಉಪ್ಪು, ಅಲ್ಲಿನ ಹಕ್ಕಿ, ಅಲ್ಲಿನ ಗಡಿ ತಕರಾರು, ಎಲ್ಲಕ್ಕೂ ಆ ಪ್ರಶ್ನೆಯಿಂದಲೇ ಒಳಗೆ ಹೋಗಬಹುದು.

ಕೆರೆಸೀಮೆಯವರಾದ ನಮಗೆ ಕೋಡಿಯ ವಿಷಯ ಹೇಳಿಕೊಡಬೇಕಾಗಿಲ್ಲ. ಆದರೂ ನಲ್ಲಿ ನೀರನ್ನು ಮಾತ್ರ ಕಂಡ ಪೇಟೆಯ ಮಕ್ಕಳಿಗಾಗಿ ಎರಡು ಮಾತು. ಏರಿ ನೀರನ್ನು ತಡೆದು ನಿಲ್ಲಿಸುತ್ತದೆ. ತೂಬು ಬೇಕಾದಾಗ ಬೇಕಾದಷ್ಟು ಬಿಡುತ್ತದೆ. ಕೋಡಿ ಮಿಕ್ಕಿದ್ದನ್ನು ಹೊರಗೆ ಕಳಿಸುತ್ತದೆ. ಮಳೆ ಚೆನ್ನಾಗಿ ಆದ ವರ್ಷ ‘ಕೆರೆ ಕೋಡಿ ಬಿತ್ತು’ ಎಂಬ ಸುದ್ದಿ ಊರೂರಿಗೆ ಹಬ್ಬುತ್ತದೆ. ಬಾಗಿನ ಬಿಡುತ್ತಾರೆ, ಶಾಸಕರು ಬರುತ್ತಾರೆ, ಹುಡುಗರು ಕೋಡಿ ನೀರಿನಲ್ಲಿ ಮೀನು ಹಿಡಿಯುತ್ತಾರೆ. ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯ ಬಗ್ಗೆ ಒಂದು ಕಥೆಯೇ ಇದೆ. ಲಂಕೆಯಿಂದ ಹಿಂದಿರುಗುವಾಗ ರಾಮ ಅಲ್ಲಿ ಬೀಡು ಬಿಟ್ಟಿದ್ದನಂತೆ, ಸೀತೆಯ ಆಸೆಯ ಮೇರೆಗೆ ಕೆರೆ ಕಟ್ಟಿಸಿದನಂತೆ. ಕುಣಿಗಲ್ ದೊಡ್ಡಕೆರೆಯ ಹಾಡನ್ನಂತೂ ಕರ್ನಾಟಕದಲ್ಲಿ ಕೇಳದವರಿಲ್ಲ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಕಟ್ಟಿದ ಅಣೆಕಟ್ಟಿಗೆ ಸ್ವಯಂಚಾಲಿತ ಸೈಫನ್ ಕೂರಿಸಿದ್ದಾರೆ. ನೀರು ಒಂದು ಮಟ್ಟ ಮುಟ್ಟಿದರೆ ಸಾಕು, ಯಾರೂ ಹೋಗಿ ಗೇಟು ಎತ್ತಬೇಕಾಗಿಲ್ಲ, ತಾನೇ ಹೀರಿ ಹೊರಗೆ ಹಾಕುತ್ತದೆ. ಅದೂ ಒಂದು ಬಗೆಯ ಕೋಡಿಯೇ, ಎಂಜಿನಿಯರರ ಕೋಡಿ.

ಕೋಡಿ ಏರಿಯನ್ನು ಉಳಿಸುತ್ತದೆ, ಇದು ಎಲ್ಲರಿಗೂ ಗೊತ್ತು. ಅದು ಮಾಡುವ ಇನ್ನೊಂದು ಕೆಲಸ ಕಣ್ಣಿಗೆ ಕಾಣುವುದಿಲ್ಲ. ಬಂಡೆಯ ಮೇಲೆ, ಮಣ್ಣಿನ ಮೇಲೆ ಹರಿದು ಬರುವ ಯಾವ ನೀರೂ ಬರಿಯ ನೀರಲ್ಲ. ದಾರಿಯುದ್ದಕ್ಕೂ ಚೂರು ಚೂರು ಲವಣವನ್ನು ಕರಗಿಸಿಕೊಂಡು ಬಂದಿರುತ್ತದೆ. ಬಿಸಿಲು ನೀರನ್ನು ಮಾತ್ರ ಎತ್ತಿಕೊಂಡು ಹೋಗುತ್ತದೆ, ಲವಣವನ್ನು ಮುಟ್ಟುವುದಿಲ್ಲ. ಕೋಡಿ ಇದ್ದರೆ ಹಳೆಯ ನೀರಿನ ಜೊತೆ ಲವಣವೂ ಕೆಳಗಿನ ಕೆರೆಗೆ, ಅಲ್ಲಿಂದ ನದಿಗೆ, ನದಿಯಿಂದ ಕಡಲಿಗೆ ಹೋಗುತ್ತದೆ. ನಮ್ಮ ದೇವರಾಯನದುರ್ಗವನ್ನೇ ನೋಡಿ. ನಾಲ್ಕು ಸಾವಿರ ಅಡಿಗೂ ಸ್ವಲ್ಪ ಕಡಿಮೆ ಎತ್ತರದ ಬೆಟ್ಟ. ಅಲ್ಲಿ ಹುಟ್ಟುವ ಶಿಂಷೆ ದಕ್ಷಿಣಕ್ಕೆ ಇಳಿದು ಕಾವೇರಿ ಸೇರಿ ತಮಿಳುನಾಡಿಗೆ ಹೋಗುತ್ತಾಳೆ. ಅದೇ ಬೆಟ್ಟದಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ತಿರುಗಿ, ಕೊರಟಗೆರೆ, ಮಧುಗಿರಿ ಸೀಮೆ ಹಾದು, ಆಂಧ್ರದ ಗಡಿ ದಾಟಿ ಉತ್ತರ ಪಿನಾಕಿನಿಯನ್ನು ಸೇರುತ್ತಾಳೆ. ಎರಡು ಊರಿನವರಾಗಿ ಬಿಟ್ಟರೂ ಇಬ್ಬರೂ ಸೇರುವುದು ಬಂಗಾಳ ಕೊಲ್ಲಿಯನ್ನೇ. ನಮ್ಮ ನೀರು ಸಿಹಿಯಾಗಿ ಉಳಿದದ್ದು ಹೀಗೆ ಹರಿದು ಹೋಗುವುದರಿಂದ.

ಈಗ ಪಾಂಗಾಂಗಿಗೆ ಬರೋಣ.

ಲೇಹ್ ಪಟ್ಟಣದಿಂದ ಸುಮಾರು 160 ಕಿಲೋಮೀಟರ್ ದಾರಿ. ನಡುವೆ ಚಾಂಗ್ ಲಾ ಎಂಬ ಕಣಿವೆದಾರಿ, ಹದಿನೇಳು ಸಾವಿರ ಅಡಿಗೂ ಮೇಲೆ. ಅಲ್ಲಿ ಇಳಿದು ನಾಲ್ಕು ಹೆಜ್ಜೆ ಬೇಗ ನಡೆದರೆ ಏದುಸಿರು ಬರುತ್ತದೆ. ಆಚೆ ಇಳಿದು ತಾಂಗ್‌ತ್ಸೆ ಎಂಬ ಹಳ್ಳಿ ದಾಟಿ, ಬೋಳುಗುಡ್ಡಗಳ ನಡುವಿನ ಕಿರಿದಾದ ಕಣಿವೆಯಲ್ಲಿ ಹೋಗುತ್ತಾ ಹೋಗುತ್ತಾ ಒಂದು ತಿರುವಿನಲ್ಲಿ ಸರೋವರದ ತುದಿ ಕಾಣುತ್ತದೆ. ಎತ್ತರ ಸುಮಾರು 4,225 ಮೀಟರ್, ಹೆಚ್ಚುಕಡಿಮೆ ಹದಿನಾಲ್ಕು ಸಾವಿರ ಅಡಿ. ಉದ್ದ 134 ಕಿಲೋಮೀಟರ್. ತುಮಕೂರಿನಿಂದ ಬೆಂಗಳೂರಿಗೆ ಹೋಗಿ ಮತ್ತೆ ವಾಪಸು ಬಂದಷ್ಟು. ಅಗಲ ಮಾತ್ರ ಎಲ್ಲೂ ಐದು ಕಿಲೋಮೀಟರಿಗಿಂತ ಹೆಚ್ಚಿಲ್ಲ. ಕೆಲವು ಕಡೆ ಎರಡೂ ದಡದ ಬೆಟ್ಟಗಳು ಇಕ್ಕಟ್ಟಾಗಿ ನೀರು ಒಂದು ಕುತ್ತಿಗೆಯಷ್ಟೇ ಆಗುತ್ತದೆ.

ಇಷ್ಟು ಉದ್ದದ ಸರೋವರದಲ್ಲಿ ಮೂರರಲ್ಲಿ ಒಂದು ಪಾಲು ಭಾರತದ ಕಡೆ, ಮೂರರಲ್ಲಿ ಎರಡು ಪಾಲು ಚೀನಾದ ಹಿಡಿತದ ಟಿಬೆಟ್ ಕಡೆ.

ಗೌಡರ ಪ್ರಶ್ನೆಗೆ ನಾನು ಹೇಳಿದ ಉತ್ತರ ಅರ್ಧ ಮಾತ್ರ. ಪಾಂಗಾಂಗಿಗೆ ಈಗ ಕೋಡಿ ಇಲ್ಲ, ಹಿಂದೆ ಇತ್ತು. ಎಲ್ಲಿ ಅಂದರೆ, ನಾವು ಜೀಪಿನಲ್ಲಿ ಬಂದ ದಾರಿಯಲ್ಲೇ! ಸರೋವರದ ಪಶ್ಚಿಮ ತುದಿಯ ಲುಕುಂಗ್‌ನಿಂದ ತಾಂಗ್‌ತ್ಸೆ ಕಡೆಗೆ ಇಳಿಯುವ ಆ ಕಿರಿದಾದ ಕಣಿವೆಯೇ ಹಳೆಯ ಕೋಡಿಹಳ್ಳ. ಒಂದು ಕಾಲದಲ್ಲಿ ಪಾಂಗಾಂಗಿನ ನೀರು ಅಲ್ಲಿಂದ ಹೊರಬಿದ್ದು ಶ್ಯೋಕ್ ನದಿಗೆ, ಶ್ಯೋಕ್‌ನಿಂದ ಸಿಂಧೂ ನದಿಗೆ, ಅಲ್ಲಿಂದ ಅರಬ್ಬೀ ಸಮುದ್ರಕ್ಕೆ ಹೋಗುತ್ತಿತ್ತು. ಆಮೇಲೆ ಹವೆ ಒಣಗಿತು. ಪಕ್ಕದ ಕಣಿವೆಗಳಿಂದ ಜಾರಿ ಬಂದ ಕಲ್ಲುಮಣ್ಣು ಬಾಯಿಗೆ ಅಡ್ಡಬಿತ್ತು. ಒಳಬರುವ ನೀರಿಗಿಂತ ಆವಿಯಾಗುವ ನೀರು ಹೆಚ್ಚಾಗಿ, ಮಟ್ಟ ಇಳಿದು, ಕೋಡಿಯ ಹೊಸ್ತಿಲು ಮೇಲೆ ಉಳಿಯಿತು. ಲೇಹ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ, ಹಿಮ ಎಲ್ಲಾ ಸೇರಿ ಸುಮಾರು ನೂರು ಮಿಲಿಮೀಟರ್. ಬರದ ಸೀಮೆ ಎಂದು ನಾವು ಮರುಗುವ ಪಾವಗಡದಲ್ಲಿ ಅದರ ಹಲವು ಪಟ್ಟು ಮಳೆಯಾಗುತ್ತದೆ.

ಸಾಕ್ಷಿ ಬೇಕಾದರೆ ಬೆಟ್ಟದ ಬುಡಕ್ಕೆ ನೋಡಬೇಕು. ಈಗಿನ ನೀರಿಗಿಂತ ಬಹಳ ಮೇಲೆ, ಒಂದರ ಮೇಲೊಂದು ಅಡ್ಡಗೆರೆಗಳು. ಒಂದೊಂದೂ ಒಂದೊಂದು ಕಾಲದ ದಡ. ಆ ಹಳೆಯ ದಡದ ಜೇಡಿಮಣ್ಣಿನಲ್ಲಿ ಸಿಹಿನೀರಿನ ಬಸವನಹುಳುಗಳ ಚಿಪ್ಪುಗಳು ಸಿಕ್ಕಿವೆ. 1932ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡ ಈ ಸೀಮೆಗೆ ಬಂದು ಸರೋವರಗಳನ್ನು ಅಳೆದು, ನೀರು, ಜೀವಿಗಳನ್ನು ಪರೀಕ್ಷಿಸಿತು. ಆ ತಂಡದಲ್ಲಿದ್ದ ಎವೆಲಿನ್ ಹಚಿನ್ಸನ್ ಮುಂದೆ ಸರೋವರ ವಿಜ್ಞಾನದ ದೊಡ್ಡ ಹೆಸರಾದರು.

ನಾನು ದಡದಲ್ಲಿ ಕೂತು ಒಂದು ಉರುಟು ಕಲ್ಲನ್ನು ಎತ್ತಿಕೊಂಡೆ. ನೀರಿಗೆ ಮುಖ ಮಾಡಿದ್ದ ಬದಿ ನುಣ್ಣಗೆ ಕಪ್ಪಗಿತ್ತು. ಗಾಳಿಗೆ ಮುಖ ಮಾಡಿದ್ದ ಬದಿಯಲ್ಲಿ ತೆಳ್ಳಗೆ ಬಿಳಿಯ ಪೊರೆ. ಉಗುರಿನಿಂದ ಕೆರೆದು ನಾಲಿಗೆಗೆ ಇಟ್ಟರೆ ಉಪ್ಪು, ಅದರ ಹಿಂದೆಯೇ ಒಂದು ಸೌಳು ಕಹಿ. ಗೌಡರೂ ಒಂದು ಕಲ್ಲು ನೆಕ್ಕಿ ನೋಡಿ ಮುಖ ಕಿವುಚಿದರು. “ದನಾನೂ ಕುಡಿಯಾಕಿಲ್ಲ ಇದನ್ನ” ಅಂತ ತೀರ್ಪು ಕೊಟ್ಟರು. ಇಷ್ಟು ಉಪ್ಪಿದ್ದೂ ಚಳಿಗಾಲದಲ್ಲಿ ಸರೋವರ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. 2023ರ ಫೆಬ್ರವರಿಯಲ್ಲಿ ಆ ಹೆಪ್ಪಿನ ಮೇಲೆಯೇ ಲುಕುಂಗ್‌ನಿಂದ ಮಾನ್ ಹಳ್ಳಿಯವರೆಗೆ 21 ಕಿಲೋಮೀಟರ್ ಓಟದ ಪಂದ್ಯ ನಡೆಯಿತು, ಗಿನ್ನೆಸ್ ದಾಖಲೆಗೂ ಸೇರಿತು.

ಸ್ವಾರಸ್ಯ ಇರುವುದು ಇಲ್ಲಿ. ಇಡೀ ಸರೋವರದ ರುಚಿ ಒಂದೇ ಅಲ್ಲ. ಹೆಚ್ಚಿನ ಹೊಳೆಗಳು ಬಂದು ಬೀಳುವುದು ಪೂರ್ವದಲ್ಲಿ, ಟಿಬೆಟ್ ಕಡೆ. ಅಲ್ಲಿ ನೀರು ಸಿಹಿ. ಆ ನೀರು ಇಕ್ಕಟ್ಟಾದ ಕುತ್ತಿಗೆಗಳನ್ನು ನುಸುಳಿಕೊಂಡು ಪಶ್ಚಿಮಕ್ಕೆ ಬರುಬರುತ್ತಾ ಬಿಸಿಲಿಗೂ ಗಾಳಿಗೂ ಆವಿಯಾಗಿ, ನಮ್ಮ ಕಡೆಗೆ ಮುಟ್ಟುವಾಗ ಉಪ್ಪಾಗಿರುತ್ತದೆ. ಆದ್ದರಿಂದ ಮೀನು ಅವರ ಕಡೆ. ಅಲ್ಲಿನ ರುಟೋಗ್ ಎಂಬ ಊರಿನ ಹತ್ತಿರ ಹಕ್ಕಿಗಳ ನಡುಗಡ್ಡೆಯೊಂದಿದೆ, ಅಲ್ಲಿ ಹೆಬ್ಬಾತುಗಳೂ ಕಡಲಕ್ಕಿಗಳೂ ಸಾವಿರಗಟ್ಟಲೆ ಮೊಟ್ಟೆ ಇಡುತ್ತವೆ. ನಮ್ಮ ಕಡೆ ನೀಲಿ ನೀರು, ಪ್ರವಾಸಿಗಳ ಡೇರೆ, ಅಂಚಿನಲ್ಲಿ ಸಿಹಿ ಹಳ್ಳ ಬಂದು ಸೇರುವ ಜಾಗಗಳಲ್ಲಿ ಮಾತ್ರ ಒಂದಿಷ್ಟು ಜೌಗು ಹುಲ್ಲು. ಗಡಿಯನ್ನು ಗೀಚಿದವರು ಇದನ್ನು ಎಣಿಸಿ ಗೀಚಿದವರಲ್ಲ, ಹಾಗೆ ನೋಡಿದರೆ ಅಲ್ಲಿ ಒಪ್ಪಿ ಗೀಚಿದ ಗಡಿಯೇ ಇಲ್ಲ. ಇರುವುದು ವಾಸ್ತವ ನಿಯಂತ್ರಣ ರೇಖೆ, ಅದು ಎಲ್ಲಿ ಹಾದುಹೋಗುತ್ತದೆ ಎಂಬುದರಲ್ಲೇ ಭಿನ್ನಾಭಿಪ್ರಾಯ. ಉತ್ತರ ದಡದ ಬೆಟ್ಟದ ಸಾಲಿನಿಂದ ಏಣುಗಳು ಬೆರಳು ಚಾಚಿದಂತೆ ನೀರಿಗೆ ಇಳಿದಿವೆ. ಸೈನ್ಯದವರು ಅವುಗಳಿಗೆ ‘ಫಿಂಗರ್’ ಎಂದೇ ಹೆಸರಿಟ್ಟು ಒಂದರಿಂದ ಎಂಟರವರೆಗೆ ಎಣಿಸುತ್ತಾರೆ. ರೇಖೆ ಎಂಟನೆಯ ಬೆರಳಿನಲ್ಲಿದೆ ಎಂದು ನಾವು, ನಾಲ್ಕನೆಯದರಲ್ಲಿದೆ ಎಂದು ಅವರು. 2020ರ ಬೇಸಿಗೆಯಲ್ಲಿ ಎರಡೂ ಕಡೆಯ ಸೈನಿಕರು ಅಲ್ಲಿ ಎದುರುಬದುರು ನಿಂತದ್ದು, 2021ರ ಫೆಬ್ರವರಿಯಲ್ಲಿ ಹಿಂದೆ ಸರಿದದ್ದು ನಿಮಗೆಲ್ಲಾ ನೆನಪಿದೆ. ದಕ್ಷಿಣದ ಚುಶೂಲ್ ಹತ್ತಿರವೇ 1962ರ ನವೆಂಬರಿನಲ್ಲಿ ಚೀನಾದೊಡನೆ ರೆಜಾಂಗ್ ಲಾ ಕಾಳಗ ನಡೆದದ್ದು.

ಚುಶೂಲ್ ಅಂದಾಗ ನನಗೆ ಕಾಳಗದ ಜೊತೆಗೇ ಅಲ್ಲಿನ ಕಪ್ಪು ಕತ್ತಿನ ಕೊಕ್ಕರೆ ನೆನಪಿಗೆ ಬರುತ್ತದೆ. ಎತ್ತರವಾದ ಬೂದು ಹಕ್ಕಿ, ಕತ್ತು ಕಪ್ಪು, ನೆತ್ತಿಯ ಮೇಲೆ ಕುಂಕುಮದಷ್ಟು ಕೆಂಪು. ಭಾರತದಲ್ಲಿ ಅದು ಮರಿ ಮಾಡುವುದು ಚಾಂಗ್‌ಥಾಂಗ್ ಎಂಬ ಈ ಎತ್ತರದ ಬಯಲಿನ ಜೌಗುಗಳಲ್ಲಿ, ಹಾನ್ಲೆ, ಚುಶೂಲ್, ತ್ಸೋ ಕರ್ ಕಡೆ. 2021ರಲ್ಲಿ ಲಡಾಖ್ ಅದನ್ನು ತನ್ನ ಹಕ್ಕಿ ಎಂದು ಘೋಷಿಸಿತು, ಹಿಮಚಿರತೆಯನ್ನು ತನ್ನ ಪ್ರಾಣಿ ಎಂದು. ಆ ಕೊಕ್ಕರೆಗೆ ಇವತ್ತು ದೊಡ್ಡ ಶತ್ರು ನರಿಯೂ ಅಲ್ಲ, ತೋಳವೂ ಅಲ್ಲ. ಶಿಬಿರಗಳ, ಡೇರೆಗಳ ಎಂಜಲು ತಿಂದು ಕೊಬ್ಬಿದ ಬೀದಿನಾಯಿ. ನೆಲದ ಮೇಲಿನ ಗೂಡಿಗೆ ನುಗ್ಗಿ ಮೊಟ್ಟೆ, ಮರಿ ಎರಡನ್ನೂ ಮುಗಿಸುತ್ತದೆ.

ದಾರಿಯಲ್ಲಿ ಕಿಯಾಂಗ್ ಎಂಬ ಕಾಡುಕತ್ತೆಗಳ ಹಿಂಡು ಸಿಗುತ್ತದೆ. ಕುದುರೆ ಫಾರಂ ಇರುವ ಊರಿನ ಗೌಡರು ದೂರದಿಂದಲೇ “ಕುದ್ರೆ ಅಲ್ಲ ಅದು, ಕಿವಿ ನೋಡಿ, ಬಾಲ ನೋಡಿ” ಅಂದರು. ಸರಿಯಾಗಿಯೇ ಹೇಳಿದರು. ಕಾಡುಕತ್ತೆಗಳಲ್ಲೆಲ್ಲ ದೊಡ್ಡದು ಅದು, ಮೇಲೆ ಕಂದು, ಹೊಟ್ಟೆ ಬಿಳಿ. ಪ್ರವಾಸಿಗಳಿಗೆ ಮುದ್ದು. ಪಶ್ಮೀನಾ ಆಡು ಸಾಕುವ ಚಾಂಗ್‌ಪಾ ಜನರಿಗೆ ಅಷ್ಟು ಮುದ್ದಲ್ಲ, ತಮ್ಮ ಆಡಿನ ಬಾಯಿಗೆ ಹೋಗಬೇಕಾದ ಹುಲ್ಲನ್ನು ಮೇಯುತ್ತದೆ ಎಂಬುದು ಅವರ ದೂರು. ಜಿಂಕೆ ಹೊಲಕ್ಕೆ ಇಳಿಯಿತು ಎಂದು ಮಧುಗಿರಿಯ ಮೈದನಹಳ್ಳಿ ಸುತ್ತಿನ ರೈತ ಹೇಳಿದರೆ ನಾವು ಹೇಗೆ ಕೇಳಿಸಿಕೊಳ್ಳುತ್ತೇವೋ ಇದನ್ನೂ ಹಾಗೆಯೇ ಕೇಳಿಸಿಕೊಳ್ಳಬೇಕು. ಇನ್ನು ಮಾರ್ಮೋಟ್ ಎಂಬ ದಪ್ಪ ಅಳಿಲಿನಂಥ ಪ್ರಾಣಿ. ಪ್ರವಾಸಿಗಳು ಅದಕ್ಕೆ ಬಿಸ್ಕತ್ತು ತಿನ್ನಿಸಿ ಫೋಟೋ ತೆಗೆಸಿಕೊಳ್ಳುತ್ತಾರೆ. ದಯವಿಟ್ಟು ಹೋದವರು ಆ ಕೆಲಸ ಮಾಡಬೇಡಿ.

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಹಕ್ಕಿ, ಪಟ್ಟೆತಲೆ ಹೆಬ್ಬಾತು. ಪಾಂಗಾಂಗಿನ ಅಂಚಿನ ಜೌಗಿನಲ್ಲಿ ಒಂದು ಜೋಡಿ ಮರಿಗಳ ಜೊತೆ ಮೇಯುತ್ತಿತ್ತು. ದೂರದರ್ಶಕದಲ್ಲಿ ನೋಡಿದರೆ ತಲೆ ಬೆಳ್ಳಗೆ, ಹಿಂದಲೆಯಲ್ಲಿ ಎರಡು ಕಪ್ಪು ಅಡ್ಡಪಟ್ಟೆ. ಮೇಲಿನದು ಕಣ್ಣಿನಿಂದ ಕಣ್ಣಿಗೆ ಸುತ್ತಿ ಬರುತ್ತದೆ, ಕೆಳಗಿನದು ಗಿಡ್ಡ. ಕೊಕ್ಕು, ಕಾಲು ಹಳದಿ, ಮೈ ಬೂದು. ತೂಕ ಎರಡರಿಂದ ಮೂರು ಕಿಲೋ. ಲಡಾಖ್, ಟಿಬೆಟ್, ಚೀನಾದ ಚಿಂಗ್‌ಹಾಯ್, ಕಿರ್ಗಿಸ್ತಾನ, ಮಂಗೋಲಿಯಾ ಇವೆಲ್ಲ ಅದರ ತವರು. ನರಿ, ತೋಳಗಳ ಕೈಗೆ ಸಿಗಬಾರದೆಂದು ನಡುಗಡ್ಡೆ ಹುಡುಕಿ ನೆಲದ ಮೇಲೆ ಗುಂಪಾಗಿ ಗೂಡು ಮಾಡುತ್ತದೆ. ನಾಲ್ಕರಿಂದ ಆರು ಮೊಟ್ಟೆ, ಸುಮಾರು ಒಂದು ತಿಂಗಳ ಕಾವು. ಮರಿ ಮಾಡಿದ ಮೇಲೆ ದೊಡ್ಡ ಹಕ್ಕಿಗಳ ರೆಕ್ಕೆಯ ಗರಿಗಳು ಒಟ್ಟಿಗೇ ಉದುರುತ್ತವೆ. ಒಂದು ತಿಂಗಳು ಹಾರಲಾರದೆ ನೀರಿನಲ್ಲೇ ಅಡಗಿಕೊಂಡಿರುತ್ತವೆ. ಹೊಸ ಗರಿ ಬಂದು ಮರಿಗಳ ರೆಕ್ಕೆ ಬಲಿಯುವ ಹೊತ್ತಿಗೆ ಚಳಿ ಇಳಿಯುತ್ತದೆ. ಆಗ ಹೊರಡುತ್ತವೆ ದಕ್ಷಿಣಕ್ಕೆ, ಎದುರಿಗೆ ಹಿಮಾಲಯ.

ಈ ಹಕ್ಕಿ ಎವರೆಸ್ಟಿನ ನೆತ್ತಿಯ ಮೇಲೆ ಹಾರುತ್ತದೆ ಎಂದು ಬರೆಯುವುದು ನಮ್ಮ ಪತ್ರಿಕೆಗಳಲ್ಲಿ ರೂಢಿಯಾಗಿದೆ. ಕೇಳಲು ಚೆಂದ. ಆದರೆ ಹಕ್ಕಿಗಳ ಬೆನ್ನಿಗೆ ಪುಟ್ಟ ಯಂತ್ರ ಕಟ್ಟಿ ಉಪಗ್ರಹದಿಂದ ಹಿಂಬಾಲಿಸಿದ ವಿಜ್ಞಾನಿಗಳು ಕಂಡದ್ದು ಅದಕ್ಕಿಂತ ಜಾಣತನದ ಕೆಲಸ. ಹೆಬ್ಬಾತು ಸುಮ್ಮಸುಮ್ಮನೆ ಎತ್ತರಕ್ಕೆ ಹೋಗುವುದಿಲ್ಲ. ಬೆಟ್ಟದ ಮೈಗೆ ಅಂಟಿಕೊಂಡಂತೆ ಕಣಿವೆ ಬಂದರೆ ಇಳಿಯುತ್ತದೆ, ಏಣು ಬಂದರೆ ಏರುತ್ತದೆ. ಗಳಿಸಿದ ಎತ್ತರವನ್ನು ಕಳೆದುಕೊಂಡು ಮತ್ತೆ ಏರುವುದು ದಂಡ ಅನ್ನಿಸಬಹುದು. ತೆಳುವಾದ ಗಾಳಿಯಲ್ಲಿ ಮೇಲೇ ಹಾರುತ್ತಾ ಹೋಗುವುದಕ್ಕಿಂತ ಅದೇ ಅಗ್ಗ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಹಾಗಿದ್ದೂ ಒಂದು ಹಕ್ಕಿ 7,290 ಮೀಟರ್ ಮುಟ್ಟಿದ ದಾಖಲೆ ಇದೆ. ಇನ್ನೊಂದು ಸಂಗತಿ, ಹಿಮಾಲಯ ದಾಟಲು ಅವು ಹಗಲಿನ ಬೀಸುಗಾಳಿಯನ್ನು ಬೆನ್ನಿಗೆ ಹಾಕಿಕೊಳ್ಳುವುದಿಲ್ಲ. ರಾತ್ರಿಯ, ನಸುಕಿನ ಹೊತ್ತನ್ನೇ ಆರಿಸುತ್ತವೆ. ಆಗ ಗಾಳಿ ತಣ್ಣಗೆ, ದಟ್ಟ, ಶಾಂತ. ಬಯಲಿನಿಂದ ಟಿಬೆಟಿನ ಎತ್ತರಕ್ಕೆ ಏರುವ ಕೆಲಸವನ್ನು ಏಳೆಂಟು ಗಂಟೆಯಲ್ಲಿ ಮುಗಿಸಿಬಿಡುತ್ತವೆ. ಚಾಂಗ್ ಲಾದಲ್ಲಿ ನಾಲ್ಕು ಹೆಜ್ಜೆಗೇ ಸುಸ್ತಾದ ನಮ್ಮಂಥವರಿಗೆ ಅದು ಹೇಗೆ ಎಂಬ ಪ್ರಶ್ನೆ ಬರಲೇಬೇಕು. ಉತ್ತರ ರಕ್ತದಲ್ಲಿದೆ. ಈ ಹೆಬ್ಬಾತಿನ ಹಿಮೋಗ್ಲೋಬಿನ್ ಉಳಿದ ಹೆಬ್ಬಾತುಗಳದಕ್ಕಿಂತ ಸ್ವಲ್ಪ ಬೇರೆ, ವಿರಳವಾದ ಆಮ್ಲಜನಕವನ್ನೂ ಬಾಚಿ ಹಿಡಿಯುತ್ತದೆ. ಶ್ವಾಸಕೋಶ ದೊಡ್ಡದು, ಉಸಿರು ಆಳ, ಹಾರುವ ಸ್ನಾಯುಗಳ ಒಳಗೆ ನವಿರಾದ ರಕ್ತನಾಳಗಳು ಒತ್ತೊತ್ತಾಗಿವೆ.

ಹೀಗೆ ಬಂದ ಹೆಬ್ಬಾತುಗಳಲ್ಲಿ ಒಂದು ಪಾಲು ಕರ್ನಾಟಕಕ್ಕೆ ಬರುತ್ತವೆ. ನವೆಂಬರ್ ಹೊತ್ತಿಗೆ ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಸಾವಿರಗಟ್ಟಲೆ ಇಳಿಯುತ್ತವೆ. ನಮ್ಮ ಪಕ್ಕದ, ರಾಮನಗರ ಕಡೆಯ ಮಾಗಡಿ ಅಲ್ಲ, ಅದು ಬೇರೆ. ಹಗಲು ಕೆರೆಯ ನಡುವೆ ನಿದ್ದೆ, ಸಂಜೆ, ನಸುಕಿನಲ್ಲಿ ಸುತ್ತಲಿನ ಹೊಲಗಳಿಗೆ ಮೇವಿಗೆ. ಅದೇನೂ ಪಾಂಗಾಂಗಿನಂಥ ಮಹಾಸರೋವರವಲ್ಲ, ನೂರಮೂವತ್ತು ಎಕರೆ ಸುತ್ತಿನ ಸಾಧಾರಣ ಹಳ್ಳಿ ಕೆರೆ. 2024ರ ಜನವರಿಯಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ ಎಂಬ ರಾಮ್ಸಾರ್ ಮಾನ್ಯತೆ ಸಿಕ್ಕಿತು, ಅಂಕಸಮುದ್ರ ಮತ್ತು ಅಘನಾಶಿನಿ ಅಳಿವೆಯ ಜೊತೆಗೆ. ಮೈಸೂರು ಜಿಲ್ಲೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೂ ಬರುತ್ತವೆ. ಮಂಗೋಲಿಯಾದಲ್ಲಿ ಕತ್ತಿಗೆ ಗುರುತಿನ ಪಟ್ಟಿ ತೊಡಿಸಿದ್ದ ಹೆಬ್ಬಾತು ಅಲ್ಲಿ ಕಾಣಿಸಿಕೊಂಡದ್ದುಂಟು. ಪಾಸ್‌ಪೋರ್ಟ್ ಬೇಡ, ಗಡಿಸೀಮೆಗೆ ಹೋಗುವ ಇನ್ನರ್ ಲೈನ್ ಪರ್ಮಿಟ್ ಬೇಡ.

ಹಾಗೆಂದು ಇದನ್ನು ಬರೀ ಸೊಗಸಿನ ಕಥೆ ಮಾಡುವ ಹಾಗಿಲ್ಲ. ಹಕ್ಕಿ ಗಡಿ ದಾಟಿದರೆ ಹಕ್ಕಿಯ ರೋಗವೂ ದಾಟುತ್ತದೆ. 2005ರಲ್ಲಿ ಚೀನಾದ ಚಿಂಗ್‌ಹಾಯ್ ಸರೋವರದಲ್ಲಿ ಹಕ್ಕಿಜ್ವರ ಬಂದು ಸಾವಿರಾರು ಹಕ್ಕಿಗಳು ಸತ್ತವು, ಅವುಗಳಲ್ಲಿ ಪಟ್ಟೆತಲೆ ಹೆಬ್ಬಾತುಗಳೇ ಬಹಳ. 2020ರ ಕೊನೆಗೆ ಹಿಮಾಚಲದ ಪೋಂಗ್ ಜಲಾಶಯದಲ್ಲೂ ಅದೇ ಕಥೆ, ಅದೇ ಹಕ್ಕಿ. ಪಾಂಗಾಂಗಿನ ಸಮೀಪ, ಚುಶೂಲ್ ಕಡೆ, ಎರಡು ಸೈನ್ಯಗಳು ಮಾತುಕತೆಗೆ ಕೂರುತ್ತವೆ. ಅದೇ ಸರೋವರದ ಹಕ್ಕಿ, ನೀರು, ಉಪ್ಪು ಇವುಗಳನ್ನು ಎರಡೂ ಕಡೆಯಿಂದ ಒಟ್ಟಿಗೆ ಅಳೆಯುವ ಏರ್ಪಾಡು ಬೇಡವೆ? ನನ್ನ ಮಟ್ಟಿಗೆ ಹೇಳುವುದಾದರೆ, ಬೇಕು. ಏಕೆಂದರೆ ಟಿಬೆಟಿನ ಅನೇಕ ಸರೋವರಗಳು 1990ರ ದಶಕದಿಂದೀಚೆಗೆ ಹಿಗ್ಗುತ್ತಿವೆ. ಹಿಮ ಕರಗುವುದು, ಮಳೆ ಬದಲಾಗುವುದು ಎರಡೂ ಕಾರಣ. ಮಟ್ಟ ಏರಿದರೆ ಹಕ್ಕಿ ಗೂಡು ಕಟ್ಟುವ ತಗ್ಗು ನಡುಗಡ್ಡೆಗಳೇ ಮೊದಲು ಮುಳುಗುವುದು.

ಬೇರೆ ಕಡೆ ಹೀಗೆ ಹಂಚಿಕೊಂಡವರು ಇಲ್ಲದಿಲ್ಲ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟದಲ್ಲಿ 3,812 ಮೀಟರ್ ಎತ್ತರದ ಟಿಟಿಕಾಕಾ ಸರೋವರ ಪೆರು, ಬೊಲಿವಿಯಾ ಎರಡಕ್ಕೂ ಸೇರಿದ್ದು. ಹಾರಲಾರದ ಮುಳುಗುಹಕ್ಕಿಯೊಂದು ಅಲ್ಲಿದೆ, ನೀರಿನ ಮೇಲೆ ರೆಕ್ಕೆ ಬಡಿದು ಓಡುತ್ತದೆಯೇ ಹೊರತು ಏಳುವುದಿಲ್ಲ. ಟಿಟಿಕಾಕಾಕ್ಕೆ ಕೋಡಿ ಉಂಟು, ಡೆಸಾಗ್ವಾಡೆರೊ ಎಂಬ ನದಿ. ಆದರೆ ಬಂದ ನೀರಿನಲ್ಲಿ ಹತ್ತರಲ್ಲೊಂದು ಪಾಲೂ ಸರಿಯಾಗಿ ಅದರಲ್ಲಿ ಹೋಗುವುದಿಲ್ಲ, ಉಳಿದದ್ದು ಆವಿ. ಎರಡೂ ದೇಶದವರು ಸೇರಿ ನೀರಿನ ನಿರ್ವಹಣೆಗೆ ಜಂಟಿ ಪ್ರಾಧಿಕಾರ ಮಾಡಿಕೊಂಡಿದ್ದಾರೆ. ಹಾಗಿದ್ದೂ ಆ ನದಿಯ ಬಾಲತುದಿಯಲ್ಲಿದ್ದ ಪೂಪೋ ಎಂಬ ದೊಡ್ಡ ಸರೋವರ 2015ರಲ್ಲಿ ಒಣಗಿಹೋಯಿತು. ಮೇಲಿನವರು ಸಾಕಷ್ಟು ನೀರು ಬಳಸಿದರು, ಬರ ಬಂತು, ತುದಿಯವನ ಪಾಲಿಗೆ ಏನೂ ಉಳಿಯಲಿಲ್ಲ. ಕಾಲುವೆಯ ತುದಿಯ ಹಳ್ಳಿಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯೂರೋಪಿನ ಪ್ರೆಸ್ಪಾ ಸರೋವರ ಇನ್ನೂ ವಿಚಿತ್ರ. ಗ್ರೀಸ್, ಅಲ್ಬೇನಿಯಾ, ಉತ್ತರ ಮ್ಯಾಸಿಡೋನಿಯಾ ಮೂರು ದೇಶಗಳು ಕೂಡುವ ಜಾಗ. ಅದಕ್ಕೂ ನೆಲದ ಮೇಲೆ ಕೋಡಿ ಇಲ್ಲ, ಆದರೂ ನೀರು ಸಿಹಿ! ಗುಟ್ಟು ಏನೆಂದರೆ ತಳದ ಸುಣ್ಣಕಲ್ಲಿನಲ್ಲಿ ಬಿರುಕುಗಳಿವೆ. ಬೆಟ್ಟದ ಹೊಟ್ಟೆಯೊಳಗೇ ನುಸುಳಿ ನೀರು ಆಚೆ ಬದಿಯ ಒಹ್ರಿದ್ ಸರೋವರದಲ್ಲಿ ಊಟೆಯಾಗಿ ಏಳುತ್ತದೆ. ಅಂದರೆ ದೇವರೇ ತಳದಲ್ಲಿ ತೂಬು ಇಟ್ಟ ಕೆರೆ. 2000ದ ಫೆಬ್ರವರಿ 2ರಂದು ಆ ಮೂರು ದೇಶಗಳ ಪ್ರಧಾನಿಗಳು ಸೇರಿ ಪ್ರೆಸ್ಪಾವನ್ನು ಗಡಿ ಮೀರಿದ ಉದ್ಯಾನ ಎಂದು ಸಾರಿದರು. ಡಾಲ್ಮೇಷಿಯನ್ ಹೆಜ್ಜಾರ್ಲೆಯ ಪ್ರಪಂಚದ ಅತಿ ದೊಡ್ಡ ನೆಲೆ ಅಲ್ಲಿತ್ತು. 2022ರಲ್ಲಿ ಹಕ್ಕಿಜ್ವರ ಅಲ್ಲಿಗೂ ಬಂದು ಸಾವಿರದ ಏಳುನೂರಕ್ಕೂ ಹೆಚ್ಚು ಹೆಜ್ಜಾರ್ಲೆಗಳನ್ನು ಬಲಿ ತೆಗೆದುಕೊಂಡಿತು.

ದೇಶದೇಶಗಳ ಮಾತು ದೂರದ್ದಾಯಿತು. ನಮ್ಮಲ್ಲೂ 1892ರಷ್ಟು ಹಿಂದೆಯೇ ಮೈಸೂರು, ಮದರಾಸು ಸರ್ಕಾರಗಳು ನೀರಿನ ಒಪ್ಪಂದ ಮಾಡಿಕೊಂಡಾಗ ಆ ನದಿಗಳ ಪಟ್ಟಿಯಲ್ಲಿ ಹೇಮಾವತಿಯೂ ಇತ್ತು, ಉತ್ತರ ಪಿನಾಕಿನಿಯೂ ಇತ್ತು. ಇಂದು ಗೊರೂರಿನಿಂದ ಬರುವ ಹೇಮಾವತಿ ನೀರೇ ತುಮಕೂರಿನ ಬುಗುಡನಹಳ್ಳಿ ಕೆರೆಗೂ, ಗುಬ್ಬಿಯ ಕೆರೆಗಳಿಗೂ, ಕುಣಿಗಲ್ಲಿಗೂ ಆಧಾರ. ಕುಣಿಗಲ್ಲಿಗೆ ನೇರವಾಗಿ ಪೈಪಿನಲ್ಲಿ ನೀರು ಒಯ್ಯುವ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ವಿಚಾರಕ್ಕೆ 2025ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ಎಷ್ಟು ದೊಡ್ಡ ಪ್ರತಿಭಟನೆ ಆಯಿತು ಎಂದು ನೀವೇ ನೋಡಿದ್ದೀರಿ. ತುದಿಯಲ್ಲಿರುವ ಕುಣಿಗಲ್ಲಿನವರದು ಒಂದು ನ್ಯಾಯ, ದಾರಿಯಲ್ಲಿರುವ ಗುಬ್ಬಿಯವರದು ಇನ್ನೊಂದು ನ್ಯಾಯ. ಆ ಪಂಚಾಯ್ತಿಗೆ ಈ ಭಾಷಣದ ಹೊತ್ತು ಸಾಲದು, ನನಗೆ ಆ ಅಧಿಕಾರವೂ ಇಲ್ಲ. ಒಂದೇ ಜಿಲ್ಲೆಯ, ಒಂದೇ ಮಾತಿನ, ನೆಂಟಸ್ತಿಕೆ ಬೆಳೆಸಿದ ಮೂರು ಊರುಗಳಿಗೇ ಇಷ್ಟು ಕಷ್ಟವಾದರೆ ಭಾರತ, ಚೀನಾ ಒಂದು ಸರೋವರವನ್ನು ಹಂಚಿಕೊಳ್ಳುವುದು ಸುಲಭ ಎಂದು ನಾನು ಹೇಳಲಾರೆ.

ಕೊನೆಗೆ, ಲಡಾಖಿಗೆ ಹೋಗದೆಯೂ ಅಲ್ಲಿನ ಹಕ್ಕಿಯನ್ನು ನೋಡುವ ದಾರಿ. ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲೆ ಬೆಳಗ್ಗೆ ನಡೆಯಿರಿ. ಏರಿಗೆ ಹಾಸಿದ ಕಲ್ಲುಗಳ ಬುಡದಲ್ಲಿ, ನೀರು ಮುಟ್ಟುವ ಅಂಚಿನಲ್ಲಿ ಗುಬ್ಬಚ್ಚಿಗಿಂತ ಸ್ವಲ್ಪ ದೊಡ್ಡ ಹಕ್ಕಿ ಒಂಟಿಯಾಗಿ ಓಡಾಡುತ್ತಿರುತ್ತದೆ. ಬೆನ್ನು ಕಂದು, ಹೊಟ್ಟೆ ಬಿಳಿ, ಆ ಬಿಳಿ ಭುಜದ ಮುಂದೆ ಒಂದು ಕೊಂಡಿಯಂತೆ ಮೇಲೆ ಸರಿದಿರುತ್ತದೆ. ನಿಂತಲ್ಲಿ ನಿಲ್ಲದೆ ಹಿಂಭಾಗವನ್ನು ಮೇಲೆ ಕೆಳಗೆ ಕುಣಿಸುತ್ತದೆ. ಹತ್ತಿರ ಹೋದರೆ ನೀರಿಗೆ ತಾಗುವಷ್ಟು ತಗ್ಗಿನಲ್ಲಿ, ರೆಕ್ಕೆಯನ್ನು ಬಿಗಿಯಾಗಿ ಅಲುಗಿಸುತ್ತಾ ಅರ್ಧಚಂದ್ರಾಕಾರವಾಗಿ ಹಾರಿ ಮುಂದಿನ ಕಲ್ಲಿನ ಮೇಲೆ ಕೂರುತ್ತದೆ. ಇದು ಗದ್ದೆಗೊರವ. ಲಡಾಖಿನ, ಕಾಶ್ಮೀರದ ಹೊಳೆದಂಡೆಗಳಲ್ಲಿ ಮರಿ ಮಾಡುತ್ತದೆ. ವಲಸೆ ಹಕ್ಕಿ ಅಂದರೆ ಚಳಿಗಾಲ ಎಂದು ನಾವು ಅಂದುಕೊಂಡರೆ, ಇದು ಆಗಸ್ಟಿನಲ್ಲೇ ನಮ್ಮ ಕೆರೆಗಳಿಗೆ ಹಾಜರು. ಕೆರೆಯಂಗಳದ ಹಸುರಿನಲ್ಲಿ ಹಳದಿ ತಲೆಯ ಸಿಪಿಲೆ ಕಂಡರೆ ಅದೂ ಲಡಾಖಿನ ಜೌಗುಗಳಲ್ಲಿ ಗೂಡು ಮಾಡುವ ಜಾತಿಯದೇ. ಅಲ್ಲಿ ಬೇಸಿಗೆಯಲ್ಲಿ ಚಾಕೊಲೇಟ್ ಬಣ್ಣದ ತಲೆ ಹೊತ್ತ ಕಡಲಕ್ಕಿ ಚಳಿಗಾಲದಲ್ಲಿ ತಲೆ ಬೆಳ್ಳಗೆ ಮಾಡಿಕೊಂಡು ಮಲ್ಪೆ, ಕಾರವಾರದ ಮೀನುದೋಣಿಗಳ ಹಿಂದೆ ಹಾರುತ್ತಿರುತ್ತದೆ.

ಪ್ರತಿ ಜನವರಿಯಲ್ಲಿ ಏಷ್ಯಾ ಖಂಡದುದ್ದಕ್ಕೂ ನೀರಹಕ್ಕಿಗಳ ಗಣತಿ ನಡೆಯುತ್ತದೆ, 1987ರಿಂದ ನಡೆದುಬಂದಿದೆ. ಅದಕ್ಕೆ ಪದವಿ ಬೇಡ, ಸುಮಾರಾದ ಒಂದು ದೂರದರ್ಶಕ, ಒಂದು ನೋಟ್ ಪುಸ್ತಕ, ಹಕ್ಕಿ ಬಲ್ಲವರೊಬ್ಬರ ಜೊತೆ ಸಾಕು. ಗುಬ್ಬಿ, ಕುಣಿಗಲ್ ಕಡೆಯ ಶಾಲೆಯ ಮೇಷ್ಟ್ರುಗಳು ಮಕ್ಕಳನ್ನು ಕರೆದುಕೊಂಡು ತಮ್ಮೂರ ಕೆರೆಯನ್ನು ಎಣಿಸಬಹುದು. ಬೆಳಗ್ಗೆ ಸೂರ್ಯ ಬೆನ್ನಿಗಿರುವ ಹಾಗೆ ಏರಿಯ ಮೇಲೆ ನಿಲ್ಲಿ, ಮಾತು ಕಡಿಮೆ ಮಾಡಿ, ಬಿಳಿ ಅಂಗಿ ಹಾಕಿಕೊಂಡು ಹೋಗಬೇಡಿ. ಹೆಬ್ಬಾತನ್ನೇ ನೋಡಬೇಕು ಅನ್ನುವವರು ಡಿಸೆಂಬರ್, ಜನವರಿಯಲ್ಲಿ ಗದಗಿನ ಮಾಗಡಿಗೆ ಹೋಗಿ. ಹಿಂದಿನ ರಾತ್ರಿಯೇ ಗದಗಿನಲ್ಲೋ ಲಕ್ಷ್ಮೇಶ್ವರದಲ್ಲೋ ಉಳಿದುಕೊಂಡರೆ ಬೆಳಗ್ಗೆ ಅವು ಹೊಲದಿಂದ ಕೆರೆಗೆ ವಾಪಸು ಬರುವ ಹೊತ್ತಿಗೆ ಅಲ್ಲಿರಬಹುದು.